ಹುಡ್ ಮಾವ

ನೆಂಟರಿಷ್ಟರಲ್ಲಿ ಕ್ಯಾಮೆರಾ ಇರುವವರು ಹತ್ತು ಮಂದಿ ಸಿಗುತ್ತಾರೆ. ಲೆನ್ಸಿನ ಮೂತಿಗೆ ಹಾಕುವ ಕಪ್ಪು ಪ್ಲಾಸ್ಟಿಕ್ ಹುಡ್ಡಿನ ವಿಷಯದಲ್ಲಿ ಸಿದ್ಧಾಂತ ಇಟ್ಟುಕೊಂಡವರು ಮಾತ್ರ ಒಬ್ಬರೇ. ಅವರೇ ಹುಡ್ ಮಾವ. ತಂಗಿಯ ಮಕ್ಕಳ ಹೆಸರನ್ನು ಅದಲುಬದಲು ಮಾಡುವ ಈ ಮಾವನಿಗೆ ಹುಡ್ಡುಗಳ ನಂಬರು ಬಾಯಿಪಾಠ. ಕ್ಯಾನನ್ 50 ಎಂಎಂ 1.8 ಎಸ್‌ಟಿಎಂಗೆ ಇಎಸ್-68, 55-250 ಎಸ್‌ಟಿಎಂಗೆ ಇಟಿ-63. ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಾರೆ.

ಹೇಳುವುದೇನೋ ಸರಿಯೇ. ಓರೆಯಾಗಿ ಬಂದ ಬೆಳಕು ಗಾಜಿನ ಮೇಲೆ ಬಿದ್ದು ಲೆನ್ಸಿನೊಳಗೆ ಚದುರಿದರೆ ಚಿತ್ರ ಮಂಕಾಗುತ್ತದೆ, ಕಪ್ಪು ಬೂದುಬಣ್ಣಕ್ಕೆ ಇಳಿಯುತ್ತದೆ. ಹುಡ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ದಳದಳದ ಹುಡ್ಡಿನಲ್ಲಿ ಉದ್ದದ ದಳಗಳು ಮೇಲೆ ಕೆಳಗೆ, ಗಿಡ್ಡವು ಅಕ್ಕಪಕ್ಕ, ಏಕೆಂದರೆ ಚಿತ್ರದ ಚೌಕಟ್ಟು ಎತ್ತರಕ್ಕಿಂತ ಅಗಲ ಜಾಸ್ತಿ. ಪೂರ್ತಿ ತಿರುಗಿ ‘ಟಕ್’ ಎನ್ನದಿದ್ದರೆ ಮೂಲೆಗಳು ಕಪ್ಪಾಗುತ್ತವೆ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಎದುರಿನ ಮರಕುಟಿಗ ಬೇರೆ ಮರಕ್ಕೆ ಹೋಗಿರುತ್ತದೆ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಮಾವ ಹೋಗುವುದು ಹೂವಿಗಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಅಲ್ಲಿನ ಗಾಜಿನಮನೆಯಲ್ಲಿ ಬೆಳಕು ತಲೆಯ ಮೇಲಿಂದಲೂ ಪಕ್ಕದಿಂದಲೂ ಬರುತ್ತದೆ, ಹುಡ್ಡಿಗೆ ತಕ್ಕ ಜಾಗ. ಅಲ್ಲಿ ಹುಡುಗರು ಹುಡ್ಡನ್ನು ಹಿಂದುಮುಂದಾಗಿ ತೊಡಿಸಿಕೊಂಡೇ ಫೋಟೋ ಹೊಡೆಯುವುದನ್ನು ಕಂಡರೆ ಮಾವನಿಗೆ ತಡೆಯದು. “ಅಲ್ಲಪ್ಪ, ಕೊಡೆ ಬಗಲಲ್ಲಿಟ್ಕೊಂಡು ಮಳೇಲಿ ನೆನೀತಿದೀಯಲ್ಲ!” ಎನ್ನುತ್ತಾ ಗುರುತು ಪರಿಚಯವಿಲ್ಲದವರ ಲೆನ್ಸಿಗೇ ಕೈ ಹಾಕುತ್ತಾರೆ. ಕ್ಯಾಮೆರಾ ಕದಿಯಲು ಬಂದವನೆಂದು ಒಬ್ಬಿಬ್ಬರು ಕೂಗಿಕೊಂಡದ್ದೂ ಉಂಟು.

ಒಂದು ದಿನ ಮಾವನ ಹುಡ್ ಮೆಟ್ಟಿಲ ಮೇಲೆ ಬಿದ್ದು, ಲೆನ್ಸಿಗೆ ಕಚ್ಚಿಕೊಳ್ಳುವ ಹಲ್ಲೊಂದು ಮುರಿಯಿತು. “ಲೆನ್ಸ್ ಉಳೀತಲ್ಲ, ತನ್ನ ಹಲ್ಲು ಕೊಟ್ಟು ಕಾಪಾಡಿತು!” ಎಂದು ಮಾವ ಹುತಾತ್ಮನನ್ನು ಎತ್ತಿಕೊಂಡು ಬಂದರು. ಹೊಸದು ಕೊಳ್ಳುವುದು ಅವರ ಜಾಯಮಾನವಲ್ಲ. ಅತ್ತೆಯ ಅಡುಗೆಮನೆಯಿಂದ ಸೋಡಾಪುಡಿ ತಂದು ಮುರಿದ ಜಾಗಕ್ಕೆ ತುಂಬಿ, ಮೇಲೆ ಸೂಪರ್ ಗ್ಲೂ ಬಿಟ್ಟರು. ಕ್ಷಣದಲ್ಲಿ ಕಲ್ಲಿನಂತಾಯಿತು. ಅದನ್ನು ಅರದಿಂದ ಉಜ್ಜಿ ಹಲ್ಲಿನ ಆಕಾರಕ್ಕೆ ತಂದರು. ಗ್ಲೂವಿನ ಹಬೆಗೆ ಸುತ್ತಲೂ ಬಿಳಿ ಮಬ್ಬು ಕಟ್ಟಿತು, ಅದಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ. ಒಳಗಿನ ಹೊಳಪು ಬೆಳಕನ್ನು ಹಿಂದಕ್ಕೆಸೆಯಬಾರದೆಂದು ಕಪ್ಪು ವೆಲ್ವೆಟ್ ಅಂಟಿಸಿದರು. ಅದು ಅತ್ತೆಯ ಬ್ಲೌಸ್ ಪೀಸೆಂದು ಗೊತ್ತಾದದ್ದು ಆಮೇಲೆ. ಕೊನೆಗೆ ಹಲ್ಲಿನ ಬುಡಕ್ಕೆ ಇನ್ನೊಂದು ಹನಿ ಗ್ಲೂ ಬಿಟ್ಟು, ಒಣಗುವ ಮೊದಲೇ ‘ಸರಿಯಾಗಿ ಕೂರುತ್ತಾ ನೋಡೋಣ’ ಎಂದು ಲೆನ್ಸಿಗೆ ತಿರುಗಿಸಿದರು. ಸರಿಯಾಗಿಯೇ ಕೂತಿತು. ಆಮೇಲೆ ಏಳಲಿಲ್ಲ.

“ಇನ್ನು ಜನ್ಮದಲ್ಲಿ ಬೀಳಲ್ಲ,” ಎಂದರು ಮಾವ. ಹಳೆಯ ಬ್ಯಾಗಿನಲ್ಲಿ ಕ್ಯಾಮೆರಾ ಹಿಡಿಸದೆ, ಹುಡ್ಡಿನ ಹಲವು ಪಟ್ಟು ಬೆಲೆಯ ಹೊಸ ಬ್ಯಾಗ್ ಬಂತು.

ಮುಂದೆ ಬಂದದ್ದು ತಂಗಿಯ ಮಗಳ ಮದುವೆ. ಕ್ಯಾಮೆರಾದ ತಲೆಯ ಮೇಲೇಳುವ ಫ್ಲ್ಯಾಶ್ ಬಳಸುವಾಗ ಹುಡ್ ತೆಗೆಯಬೇಕೆಂದು ಊರಿಗೆಲ್ಲ ಪಾಠ ಹೇಳಿದವರು ಮಾವನೇ. ಈಗ ತೆಗೆಯುವುದೆಲ್ಲಿಂದ ಬಂತು? ಪ್ರತಿ ಫೋಟೋದ ಕೆಳಗೂ ಅರ್ಧಚಂದ್ರಾಕಾರದ ಕಪ್ಪು ನೆರಳು. “ರೀ, ಧಾರೆ ಎರೆಯೋ ಕೈಯೇ ಇಲ್ವಲ್ರೀ!” ಎಂದರು ಅತ್ತೆ. “ಮುಖ ಬಂದಿದೆಯಲ್ಲೇ, ಕಾಂಟ್ರಾಸ್ಟ್ ನೋಡು,” ಎಂದರು ಮಾವ.

ಊಟವಾದ ಮೇಲೆ ಛತ್ರದ ಹೊರಗೆ ಅತ್ತೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಬೈಲ್ ಎತ್ತಿದರು. ಓರೆ ಬಿಸಿಲಿಗೆ ಸ್ಕ್ರೀನೆಲ್ಲ ಬೆಳ್ಳಗೆ. ಮಾವ ಓಡಿಬಂದು ಅಂಗೈಯನ್ನು ಮೊಬೈಲಿನ ಮೇಲೆ ಮರೆಯಾಗಿ ಹಿಡಿದರು. ಮಬ್ಬು ಹರಿದು, ರೇಷ್ಮೆ ಸೀರೆಗಳ ಬಣ್ಣ ಬಣ್ಣವಾಗಿಯೇ ಮೂಡಿತು. ಮೇಲಿನ ಮೂಲೆಯಲ್ಲಿ ಮಾತ್ರ ನಾಲ್ಕು ದಪ್ಪ ಬೆರಳು.

ಅತ್ತೆ ನೋಡಿ ಹೇಳಿದರು: “ಸದ್ಯ, ಇದೊಂದರಲ್ಲಾದ್ರೂ ನೀವು ಬಂದ್ರಿ.”