ಕುಕ್ಕುಟ ಶೀತಮೀಮಾಂಸೆ: ಪಿ.ಜೆ. ಬಡಾವಣಾ ಖಂಡ

ಧನುರ್ಮಾಸ ಕಾಲಿಟ್ಟಿರುವುದರಿಂದಲೂ, ಹಿತ್ತಿಲ ಕೋಳಿಗೆ ಚಳಿಯಾಗುತ್ತದೆಯೇ ಎಂಬ ಸಂಶಯ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ತಲೆಯೆತ್ತಿರುವುದರಿಂದಲೂ ಈ ವಿಚಾರವನ್ನು ಆರಂಭಿಸಲಾಗಿದೆ. ಹಿತ್ತಿಲೆಂದರೆ ಸಂಪು, ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ ಇವು ಬಿಟ್ಟುಕೊಟ್ಟ ಜಾಗವೆಂದು ಗ್ರಹಿಸತಕ್ಕದ್ದು.

ಮೊದಲು ಪೂರ್ವಪಕ್ಷ. ಗೂಡಿನ ನಾಲ್ಕೂ ಕಡೆ ಗೋಣಿತಟ್ಟು ಹೊದಿಸಿ, ಕಿಂಡಿಗೆ ಹಳೇ ಲುಂಗಿ ತುರುಕಿದರೆ ಮಾತ್ರ ಕೋಳಿ ಬೆಳಗು ಕಾಣುತ್ತದೆಂಬುದು ಗೋಣಿವಾದಿಗಳ ಮತ. ಪ್ರಮಾಣ: ಸ್ವತಃ ಅವರು ಮಂಕಿ ಟೋಪಿ ಹಾಕಿಕೊಂಡಿದ್ದಾರೆ. ಈ ಅನುಮಾನ ನಿಲ್ಲದು. ದಾವಣಗೆರೆಯ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿದು ಸುಮ್ಮನಾಗುತ್ತದೆ. ಮನುಷ್ಯನ ಮೈ 37 ಡಿಗ್ರಿ. ಕೋಳಿಯದು 41ರ ಮೇಲೆ. ಅಷ್ಟು ಬಿಸಿ ನಮಗೇರಿದರೆ ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ, ಅದು ಹುಳ ಹೆಕ್ಕುತ್ತಿರುತ್ತದೆ. ಪುಕ್ಕ ಉಬ್ಬಿಸಿ ಒಳಗೆ ಗಾಳಿ ಹಿಡಿದಿಟ್ಟು, ಕೋಲಿನ ಮೇಲೆ ಕೂತು, ಬೆರಳುಗಳನ್ನು ಹೊಟ್ಟೆಯಡಿ ಮುಚ್ಚಿಕೊಂಡರೆ ಅದರ ಮಟ್ಟಿಗೆ ಚಳಿಗಾಲದ ಅಧ್ಯಾಯ ಮುಗಿಯಿತು. ಹಿಮ ಬೀಳುವ ದೇಶಗಳಲ್ಲಿ ಜುಟ್ಟು ಮರಗಟ್ಟದಿರಲೆಂದು ವ್ಯಾಸಲೀನ್ ಸವರುವುದುಂಟು. ಇಲ್ಲಿ ಅದು ಯಜಮಾನರ ಹಿಮ್ಮಡಿಗೇ ಸಾಲದು.

ಅಪಾಯ ಇರುವುದು ಆ ಲುಂಗಿಯಲ್ಲೇ. ಉಸಿರಿನ ತೇವಕ್ಕೂ ಹಿಕ್ಕೆಯಿಂದೇಳುವ ಅಮೋನಿಯಕ್ಕೂ ಹೊರದಾರಿ ಇಲ್ಲದೆ ಕೋಳಿಗೆ ಕಣ್ಣುರಿ, ಗೊರಗೊರ ಉಸಿರು. ‘ಚಳಿ ಹೊಡೀತು ನೋಡ್ರಿ’ ಎಂದು ಇನ್ನೊಂದು ಲುಂಗಿ. ಆದ್ದರಿಂದ ಸಿದ್ಧಾಂತ: ಗಾಳಿ ಬೀಸುವ ಕಡೆಗಷ್ಟೇ ತಟ್ಟು, ಮೇಲ್ಗಡೆ ಕಿಂಡಿ ಬಯಲು, ಕೆಳಗೆ ನಾಲ್ಕು ಬೆರಳು ಒಣ ಭತ್ತದ ಹೊಟ್ಟು. ಭದ್ರಾ ನಾಲೆಯ ನೀರುಂಡ ಸೀಮೆಯಲ್ಲಿ ಹೊಟ್ಟಿಗೇನು ಬರ?

ಹಿಮಾಲಯದ ಕಡೆಯಿಂದ ನಮ್ಮ ಗೂಡಿಗೆ ಬಂದದ್ದು ಒಂದು ಹೆಸರು ಮಾತ್ರ: ರಾಣಿಖೇತ್, ನಮ್ಮವರ ಬಾಯಲ್ಲಿ ಕೊಕ್ಕರೆ ರೋಗ. ಅದಕ್ಕೆ ಬೇಕಾದ್ದು ಸ್ವೆಟರಲ್ಲ, ಲಸಿಕೆ.

ಇನ್ನು ಬಲ್ಬುವಾದ. ಮರಿಗಳ ಮಟ್ಟಿಗೆ ಇದನ್ನು ಒಪ್ಪಲೇಬೇಕು. ತಾಯಿಯಿಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಕಾವು ಬೇಕು, ಮುಂದೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬರಬೇಕು. ಥರ್ಮಾಮೀಟರ್ ಬೇಡ: ಬಲ್ಬಿನಡಿ ಗುಂಪುಗೂಡಿ ಚಿಂಯ್‌ಗುಟ್ಟಿದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ. ಬೆಳೆದ ಹೇಂಟೆಗೆ ಬಲ್ಬು ಬೇಕಿರುವುದು ಬಿಸಿಗಲ್ಲ, ಬೆಳಕಿಗೆ. ಡಿಸೆಂಬರಿನ ಹಗಲು 11 ಗಂಟೆ ಚಿಲ್ಲರೆಗೆ ಕುಗ್ಗಿದಾಗ ಮೊಟ್ಟೆ ಕಡಿಮೆಯಾಗುತ್ತದೆ. ಬಲ್ಬು ಸೇರಿಸಿ 14 ಗಂಟೆಗೆ ಏರಿಸಿದರೆ ಚೇತರಿಸಿಕೊಳ್ಳುತ್ತದೆ.

ಆದರೆ ಅತಿವ್ಯಾಪ್ತಿ ದೋಷವೊಂದಿದೆ. ರಾತ್ರಿ ಎರಡಕ್ಕೆ ಯಾರೋ ಸ್ವಿಚ್ ಒತ್ತಿದರೆ ಹುಂಜ ಬೆಳಗಾಯಿತೆಂದು ಸಾರುತ್ತದೆ. ಪಕ್ಕದ ಮನೆಯವರು ಧನುರ್ಮಾಸದ ಪೂಜೆಗೆಂದು ಎದ್ದು, ತಣ್ಣೀರು ಸುರಿದುಕೊಂಡು, ಆಮೇಲೆ ಗಡಿಯಾರ ನೋಡುತ್ತಾರೆ. ‘ಏನ್ರೀ, ನಿಮ್ಮ ಹುಂಜಕ್ಕೆ ಟೈಮ್ ಗೊತ್ತಾಗಲ್ವಾ?’ ಎಂದು ಕಾಂಪೌಂಡಿನ ಮೇಲಿಂದ ಬರುವ ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ. ಲೋಕರೂಢಿಯಲ್ಲಿದೆ: ಪೇಪರಿನಲ್ಲಿ ಸುತ್ತಿದ ನಾಲ್ಕು ಜವಾರಿ ಮೊಟ್ಟೆ, ಹಿಂಬಾಗಿಲಿನಿಂದ, ಅವರ ಅತ್ತೆಯವರಿಗೆ ಕಾಣದಂತೆ.