ಚತುರ್ಮುಖ ಕಾರ್ಬ್ಯುರೇಟರಾಯ ನಮಃ: ಅಮೆರಿಕದ ಐಷಾರಾಮಿ ಕಾರನ್ನು ಕುರಿತ ನಿಷ್ಪ್ರಯೋಜನ ಸಿದ್ಧಾಂತ

ಗ್ರಂಥಾರಂಭದಲ್ಲಿ ವಿಘ್ನನಿವಾರಣೆಗೆ ಒಂದು ದೇವತೆಯನ್ನು ನೆನೆಯುವುದು ಶಿಷ್ಟಾಚಾರ. ನಮ್ಮ ಶಾಸ್ತ್ರದಲ್ಲಿ ವಿಘ್ನವೂ ದೇವತೆಯೂ ಒಂದೇ ಆಗಿರುವುದರಿಂದ, ನಾಲ್ಕು ಬಾಯಿಯ ಕಾರ್ಬ್ಯುರೇಟರಿಗೆ ಅಡ್ಡಬಿದ್ದು ಮುಂದುವರಿಯುತ್ತೇವೆ.

ಯಾವ ಶಾಸ್ತ್ರಕ್ಕಾದರೂ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಇರಬೇಕೆಂದು ಹಿರಿಯರು ವಿಧಿಸಿದ್ದಾರೆ. ವಿಷಯ: ಅಮೆರಿಕದ ಹಳೆಯ ಐಷಾರಾಮಿ ಕಾರು. ಅಧಿಕಾರಿ: ಅಂಥದೊಂದು ಎದುರಿಗೆ ಬಂದರೆ ತಾನು ಎಲ್ಲಿಗೆ ಹೊರಟಿದ್ದೆ ಎಂಬುದನ್ನೇ ಮರೆತು ನಿಲ್ಲುವವನು. ಸಂಬಂಧ: ಬಹುಮಟ್ಟಿಗೆ ಬ್ಯಾಂಕಿನೊಂದಿಗೆ. ಪ್ರಯೋಜನ: ಇಲ್ಲ. ಈ ನಾಲ್ಕನೆಯದನ್ನು ಕೊರತೆ ಎಂದು ಭಾವಿಸುವವರು ಇಲ್ಲೇ ಎದ್ದುಹೋಗಬಹುದು. ನಾವು ಅದನ್ನು ಸಿದ್ಧಾಂತವೆಂದೇ ಹಿಡಿದವರು.

ಇನ್ನು ಲಕ್ಷಣ. ಲಕ್ಷಣ ಹೇಳುವಾಗ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲಕೂಡದು. ‘ದೊಡ್ಡದಾಗಿರುವುದು’ ಎಂದರೆ ಮರಳು ಲಾರಿಯೂ ಒಳಗೆ ಬಂದು ಅತಿವ್ಯಾಪ್ತಿ. ‘ಎಂಟು ಸಿಲಿಂಡರ್ ಉಳ್ಳದ್ದು’ ಎಂದರೆ 1930ರಲ್ಲಿ ಹೊರಬಂದ ಹದಿನಾರು ಸಿಲಿಂಡರಿನ ಕ್ಯಾಡಿಲಾಕ್ ಹೊರಗುಳಿದು ಅವ್ಯಾಪ್ತಿ. ‘ಪೆಟ್ರೋಲ್ ಉಳಿಸುವುದು’ ಎಂಬುದು ಅಸಂಭವಕ್ಕೆ ಪಾಠಶಾಲೆಗಳಲ್ಲಿ ಕೊಡಬಹುದಾದ ಅತ್ಯುತ್ತಮ ಉದಾಹರಣೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಹೀಗೆ: ಯಾವ ಅಂಗವನ್ನು ಕಿತ್ತುಹಾಕಿದರೂ ಓಟಕ್ಕೆ ಕಿಂಚಿತ್ತೂ ಬಾಧೆಯಿಲ್ಲವೋ, ಆ ಅಂಗಕ್ಕಾಗಿಯೇ ಯಾವ ಕಾರನ್ನು ಜನ ಪ್ರೀತಿಸುತ್ತಾರೋ, ಅದು ಅಮೆರಿಕದ ಐಷಾರಾಮಿ ಕಾರು.

ಈ ಅಂಗಗಳಲ್ಲಿ ಶ್ರೇಷ್ಠವಾದದ್ದು ಬಾಲದ ರೆಕ್ಕೆ. ಜನರಲ್ ಮೋಟರ್ಸಿನ ವಿನ್ಯಾಸಾಚಾರ್ಯ ಹಾರ್ಲಿ ಅರ್ಲ್, ಲಾಕ್‌ಹೀಡ್ ಪಿ-38 ಎಂಬ ಅವಳಿ ಬಾಲದ ಯುದ್ಧವಿಮಾನವನ್ನು ನೋಡಿ ಮೋಹಗೊಂಡರು. ಮೋಹದ ಫಲವಾಗಿ 1948ರ ಕ್ಯಾಡಿಲಾಕಿನ ಹಿಂಬದಿಯಲ್ಲಿ ಎರಡು ಸಣ್ಣ ಉಬ್ಬುಗಳು ಮೂಡಿದವು. ವಿಮಾನದ ಬಾಲಕ್ಕೆ ಕೆಲಸವಿತ್ತು, ಕಾರಿನ ಬಾಲಕ್ಕೆ ಇರಲಿಲ್ಲ. ಶಾಸ್ತ್ರ ಹುಟ್ಟಿದ ಮುಹೂರ್ತ ಇದೇ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. 1957ರಲ್ಲಿ ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ನೇತೃತ್ವದಲ್ಲಿ ಕ್ರೈಸ್ಲರ್ ಕಂಪನಿ ತನ್ನ ಕಾರುಗಳಿಗೆಲ್ಲ ಎತ್ತರದ ರೆಕ್ಕೆ ಹಚ್ಚಿತು. ಅಷ್ಟಕ್ಕೇ ಸುಮ್ಮನಿದ್ದರೆ ನಮ್ಮವರೇ ಎನ್ನಬಹುದಿತ್ತು. ಅವರು ರೆಕ್ಕೆಯಿಂದ ಅಡ್ಡಗಾಳಿಯಲ್ಲಿ ಕಾರು ಅಲುಗದೆ ಓಡುತ್ತದೆ ಎಂದೂ ಹೇಳಿಬಿಟ್ಟರು! ಅಲಂಕಾರಕ್ಕೆ ಉಪಯೋಗ ಆರೋಪಿಸುವುದು ಈ ಶಾಸ್ತ್ರದಲ್ಲಿ ಮಹಾಪಾತಕ. ಕ್ಯಾಡಿಲಾಕ್ ಇದಕ್ಕೆ ವಾದದಿಂದ ಉತ್ತರಿಸಲಿಲ್ಲ, 1959ರ ಮಾದರಿಯಿಂದ ಉತ್ತರಿಸಿತು. 225 ಅಂಗುಲ ಉದ್ದ, ಅಂದರೆ ಹತ್ತೊಂಬತ್ತು ಅಡಿಗೆ ಮೂರೇ ಅಂಗುಲ ಕಡಿಮೆ. ಬೆನ್ನಿನ ಮೇಲೆ ಯಾವ ಕಾರಿಗೂ ಅದಕ್ಕೆ ಮುಂಚೆ ಇಲ್ಲದಷ್ಟು, ಅದರ ನಂತರ ಯಾರೂ ಧೈರ್ಯ ಮಾಡದಷ್ಟು ಎತ್ತರದ ಎರಡು ರೆಕ್ಕೆ. ಪ್ರತಿ ರೆಕ್ಕೆಯ ನಡುವಿನಿಂದ ಬಂದೂಕಿನ ಗುಂಡಿನಾಕಾರದ ಎರಡೆರಡು ಕೆಂಪು ದೀಪ. ಇದಕ್ಕೆ ಸ್ಥಿರತೆಯ ಸಮಜಾಯಿಷಿಯನ್ನು ಯಾರೂ ಕೇಳಲಿಲ್ಲ. ಸೂರ್ಯೋದಯಕ್ಕೆ ಯಾರಾದರೂ ಸಮಜಾಯಿಷಿ ಕೇಳುತ್ತಾರೆಯೇ? ಮರುವರ್ಷದಿಂದಲೇ ರೆಕ್ಕೆ ಇಳಿಯತೊಡಗಿ, 1965ರ ಹೊತ್ತಿಗೆ ಅಳಿಸಿಹೋಯಿತು. ಇತಿಹಾಸಕಾರರು ಇದನ್ನು ಅಭಿರುಚಿ ಸುಧಾರಿಸಿದ ಕಾಲ ಎನ್ನುತ್ತಾರೆ. ನಾವು ಕಲಿಯುಗ ಎನ್ನುತ್ತೇವೆ.

ರೆಕ್ಕೆಯ ಪ್ರಸಂಗ ಬಂದದ್ದರಿಂದ ಪಕ್ಷಿಕಾಂಡವನ್ನೂ ಮುಗಿಸಿಬಿಡೋಣ. ಕ್ಯಾಡಿಲಾಕ್ ಎಂಬ ಹೆಸರು 1701ರಲ್ಲಿ ಡೆಟ್ರಾಯಿಟ್ ಸ್ಥಾಪಿಸಿದ ಫ್ರೆಂಚ್ ಅಧಿಕಾರಿಯದು. ಆತನ ನಿಜನಾಮ ಆಂಟ್ವಾನ್ ಲೋಮೆ. ಕಡಲು ದಾಟುವಾಗ ‘ದ ಲಾ ಮೋತ್ ಕ್ಯಾಡಿಲಾಕ್’ ಎಂಬ ಕುಲೀನ ಹೆಸರನ್ನೂ ಅದಕ್ಕೊಪ್ಪುವ ಲಾಂಛನವನ್ನೂ ತಾನೇ ಹೊಂದಿಸಿಕೊಂಡವನು. ಆ ಲಾಂಛನದಲ್ಲಿ ಕಾಲಿಲ್ಲದ ಪುಟ್ಟ ಬಾತುಗಳಿದ್ದವು. 1902ರಲ್ಲಿ ಹುಟ್ಟಿದ ಕಾರು ಕಂಪನಿ, ಇಲ್ಲದ ಮನೆತನದ ಆ ಬಾತುಗಳನ್ನು ಭಕ್ತಿಯಿಂದ ಎರವಲು ಪಡೆದು ಸುಮಾರು ಒಂದು ಶತಮಾನ ಸಾಕಿತು. ಕಾಲಿಲ್ಲದ ಹಕ್ಕಿ, ಹಾರದ ರೆಕ್ಕೆ: ಸಿದ್ಧಾಂತದ ಸಮನ್ವಯ ಎಷ್ಟು ಅಚ್ಚುಕಟ್ಟು ನೋಡಿ. 2000ದ ಸುಮಾರಿಗೆ ಲಾಂಛನವನ್ನು ‘ಸರಳ’ಗೊಳಿಸುವಾಗ ಬಾತುಗಳನ್ನು ಓಡಿಸಿದರು. ಕಾಲೇ ಇಲ್ಲದವು ಎಲ್ಲಿಗೆ ಹೋದವೆಂದು ಕಂಪನಿ ತಿಳಿಸಿಲ್ಲ.

ಪ್ಯಾಕಾರ್ಡ್ ಎಂಬ ಇನ್ನೊಂದು ಐಷಾರಾಮಿ ಕಾರಿನ ಸಂಪ್ರದಾಯದವರ ಪಕ್ಷಿವಿವಾದ ಇನ್ನೂ ಗಹನವಾದದ್ದು. ಆ ಕಾರಿನ ಮೂತಿಯ ಮೇಲೆ ಕುಳಿತಿರುವ ಹಕ್ಕಿ ಹೆಜ್ಜಾರ್ಲೆಯೋ ನೀರುಕಾಗೆಯೋ ಎಂಬುದರಲ್ಲಿ ಕಂಪನಿಯೇ ಒಂದೊಂದು ಕಾಲಕ್ಕೆ ಒಂದೊಂದು ಮಾತಾಡಿತು. ರಂಗನತಿಟ್ಟಿನ ದೋಣಿಯವರನ್ನು ಕೇಳಿದ್ದರೆ ಒಂದೇ ನೋಟಕ್ಕೆ ತೀರ್ಪು ಸಿಗುತ್ತಿತ್ತು. ಕೇಳಲಿಲ್ಲ. 1958ರಲ್ಲಿ ಪ್ಯಾಕಾರ್ಡ್ ಹೆಸರೇ ನಿಂತುಹೋಯಿತು, ಹಕ್ಕಿಯ ಚರ್ಚೆ ನಡೆದೇ ಇದೆ.

ಈಗ ತತ್ತ್ವವಿಚಾರ. ಆಲ್ಫ್ರೆಡ್ ಸ್ಲೋನ್ ಎಂಬ ಆಡಳಿತಗಾರರು 1920ರ ದಶಕದಲ್ಲಿ ಜನರಲ್ ಮೋಟರ್ಸಿನ ಕಾರುಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದರು. ಅವರು ಉಪನಿಷತ್ತು ಓದಿದ್ದರೆಂಬುದಕ್ಕೆ ಆಧಾರವಿಲ್ಲ, ಆದರೂ ಅದರ ಪಂಚಕೋಶಗಳಂತೆ ಲೆಕ್ಕ ಸರಿಯಾಗಿ ಐದೇ ಬಂತು. ಶೆವ್ರೊಲೆ ಅನ್ನಮಯ ಕೋಶ: ದುಡಿದು ತಿನ್ನುವವರದು. ಪಾಂಟಿಯಾಕ್ ಪ್ರಾಣಮಯ. ಓಲ್ಡ್ಸ್‌ಮೊಬೀಲ್ ಮನೋಮಯ. ಬ್ಯೂಯಿಕ್ ವಿಜ್ಞಾನಮಯ, ಏಕೆಂದರೆ ಅದು ಡಾಕ್ಟರುಗಳ ಕಾರೆಂದೇ ಪ್ರಸಿದ್ಧ. ಎಲ್ಲದರ ಆಚೆಗೆ ಆನಂದಮಯ ಕ್ಯಾಡಿಲಾಕ್. ವಿಜ್ಞಾನದಿಂದ ಆನಂದಕ್ಕೆ ನೆಗೆಯಲಾರದ ಮುಮುಕ್ಷುಗಳಿಗಾಗಿ 1927ರಿಂದ 1940ರ ತನಕ ನಡುವೆ ಲಾಸಾಲ್ ಎಂಬ ಉಪಕೋಶವೂ ಇತ್ತು. ಕಡಲು ದಾಟಿದರೆ ಮಾತ್ರ ಕೋಶಗಳು ಪಲ್ಲಟವಾಗುತ್ತವೆ. ನಮ್ಮೂರುಗಳಲ್ಲಿ ಹಳಬರು ಶ್ರೀಮಂತಿಕೆಗೆ ಕೊಡುತ್ತಿದ್ದ ಉದಾಹರಣೆ ಇಂಪಾಲಾ. ಅದು ಶೆವ್ರೊಲೆ, ಅಂದರೆ ತೌರಿನಲ್ಲಿ ಬರೀ ಅನ್ನಮಯ. ಇಲ್ಲಿ ಅದು ಬೀದಿಗೆ ಬಂದರೆ ಸಾಕ್ಷಾತ್ ಆನಂದವೇ ಬಂದಂತೆ ಮಕ್ಕಳು ಹಿಂದೆ ಓಡುತ್ತಿದ್ದರು.

ಮೆಟ್ಟಿಲಿನ ಮಾತೆತ್ತಿದಾಗ ಶಾಸ್ತ್ರಕಾರರು ದನಿ ತಗ್ಗಿಸುವ ಒಂದು ಸಂಗತಿಯುಂಟು. 1930ರ ದಶಕದ ಆರಂಭದ ತನಕ ಕಪ್ಪುಜನರಿಗೆ ಕ್ಯಾಡಿಲಾಕ್ ಮಾರಬಾರದೆಂಬುದು ಕಂಪನಿಯ ನೀತಿಯಾಗಿತ್ತೆಂದು ಆಡಳಿತಶಾಸ್ತ್ರದ ಲೇಖಕ ಪೀಟರ್ ಡ್ರಕರ್ ಬರೆದಿದ್ದಾರೆ. ದುಡ್ಡಿದ್ದ ಕಪ್ಪು ವೈದ್ಯರು, ಗಾಯಕರು, ಬಾಕ್ಸರುಗಳು ಬಿಳಿಯನೊಬ್ಬನಿಗೆ ಕಮಿಷನ್ ತೆತ್ತು ಅವನ ಹೆಸರಿನಲ್ಲಿ ಕೊಳ್ಳುತ್ತಿದ್ದರಂತೆ. ಸರ್ವಿಸ್ ವಿಭಾಗದ ಮುಖ್ಯಸ್ಥ ನಿಕೊಲಸ್ ಡ್ರೈಸ್ಟಾಟ್ ಇದನ್ನು ಗಮನಿಸಿ, ಆ ಕಮಿಷನ್ ನಮಗೇ ಬರಲಿ ಎಂಬ ಶುದ್ಧ ವ್ಯಾಪಾರಿ ವಾದ ಹೂಡಿ ಬಾಗಿಲು ತೆರೆಸಿದರು. ಒಳ್ಳೆಯ ಮನೆ, ಒಳ್ಳೆಯ ಹೋಟೆಲು ಕಪ್ಪುಜನರಿಗೆ ಮುಚ್ಚಿದ್ದ ಕಾಲದಲ್ಲಿ ಒಳ್ಳೆಯ ಕಾರು ಸಿಗುತ್ತಿತ್ತು. ಅವರಿಗೆ ಅದರಿಂದ ನಿಜವಾದ ಪ್ರಯೋಜನವಿತ್ತು. ಸಿದ್ಧಾಂತ ಇಲ್ಲಿ ತುಸು ಅಲುಗುತ್ತದೆ. ಪೂರ್ವಪಕ್ಷಿಯ ಕಣ್ಣಿಗೆ ಬೀಳುವ ಮೊದಲು ಮುಂದಿನ ಅಧಿಕರಣಕ್ಕೆ ಹೋಗೋಣ.

1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಈ ಶಾಸ್ತ್ರದ ಪರಮೋಚ್ಚ ಪ್ರಮಾಣ. ಬೆಲೆ 13,074 ಡಾಲರ್. ಮಾಡು ಸ್ಟೇನ್‌ಲೆಸ್ ಸ್ಟೀಲಿನದು. ಗ್ಲೌ ಬಾಕ್ಸಿನಲ್ಲಿ ಜಾರದೆ ನಿಲ್ಲುವ ಅಯಸ್ಕಾಂತದ ಬೆಳ್ಳಿಬಣ್ಣದ ಲೋಟಗಳು. ಹಿಂದೆ ಕುಳಿತವರಿಗೆ ಸುಗಂಧದ ಪಿಚಕಾರಿ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸಸ್ಪೆನ್ಷನ್. ಗಾಳಿ ಸೋರಿಹೋಗಿ, ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಕೆರೆಗಿಳಿದ ಎಮ್ಮೆಯ ಹಾಗೆ ಕುಸಿದಿರುತ್ತಿತ್ತು. ಹಲವು ಯಜಮಾನರು ಸಹನೆಗೆಟ್ಟು ಮಾಮೂಲಿ ಸ್ಪ್ರಿಂಗ್ ಹಾಕಿಸಿದರು. ಇವರನ್ನು ನಾವು ಧರ್ಮಭ್ರಷ್ಟರೆಂದು ಪರಿಗಣಿಸುತ್ತೇವೆ. ಮೊದಲ ವರ್ಷ 400, ಮರುವರ್ಷ 304 ಕಾರುಗಳು ತಯಾರಾದವು. ಇಷ್ಟು ದುಬಾರಿಯಾಗಿ ಮಾರಿದರೂ ಕಂಪನಿಗೆ ಪ್ರತಿ ಕಾರಿನಲ್ಲೂ ನಷ್ಟವೇ. ಕೊಂಡವನಿಗೂ ಮಾರಿದವನಿಗೂ ಸಮಾನವಾಗಿ ನಿಷ್ಪ್ರಯೋಜನವಾದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ.

ಈ ಕಾರಿನ ಬಿಡಿಭಾಗ ಹುಡುಕುವವನ ಪಾಡು ನೆನೆದಾಗ 1908ರ ಒಂದು ಕಥೆ ಕ್ರೂರವಾಗಿ ಕಾಣುತ್ತದೆ. ಆ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸಿನಲ್ಲಿ ಮೂರು ಕ್ಯಾಡಿಲಾಕುಗಳನ್ನು ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಕಲಸಿ, ಮತ್ತೆ ಮೂರು ಕಾರು ಜೋಡಿಸಿ 500 ಮೈಲಿ ಓಡಿಸಿದರು. ಯಾವ ಭಾಗ ಯಾವ ಕಾರಿಗಾದರೂ ಕೂರುತ್ತದೆ ಎಂದು ಸಾಧಿಸಿ ಡ್ಯುವಾರ್ ಟ್ರೋಫಿ ಗೆದ್ದ ವಂಶವಿದು. ಅದರ ಭಕ್ತ ಇಂದು ಪ್ರತಿ ಅಕ್ಟೋಬರ್ ಪೆನ್ಸಿಲ್ವೇನಿಯಾದ ಹರ್ಷೀ ಸಂತೆಯಲ್ಲಿ, ಯಾವುದಕ್ಕೂ ಕೂರದ ಒಂದೇ ಒಂದು ಕ್ರೋಮ್ ಪಟ್ಟಿಗಾಗಿ ಬೆಳಗಿನಿಂದ ಬೈಗಿನ ತನಕ ಸುತ್ತುತ್ತಾನೆ.

ಭಕ್ತರಲ್ಲಿ ಎರಡು ಪಂಥ. ಜೀರ್ಣೋದ್ಧಾರಿಗಳು ಕಾರನ್ನು ಬೋಲ್ಟುಬೋಲ್ಟಾಗಿ ಕಳಚಿ, ಕಾರ್ಖಾನೆಯಲ್ಲೂ ಇಲ್ಲದಿದ್ದ ಹೊಳಪು ತರುತ್ತಾರೆ. ಯಥಾಸ್ಥಿತಿವಾದಿಗಳು ಮೂಲ ಧೂಳನ್ನೂ ಒರೆಸಗೊಡುವುದಿಲ್ಲ. ಹತ್ತು ವರ್ಷದ ತುಕ್ಕು ತುಕ್ಕು, ಅರವತ್ತು ವರ್ಷದ ತುಕ್ಕು ‘ಪಟೀನಾ’ ಎಂಬುದು ಇವರ ಮಹಾವಾಕ್ಯ. ಇಂಜಿನ್ನಿನ ನಂಬರೂ ಚಾಸಿಯ ನಂಬರೂ ದಾಖಲೆಯೊಂದಿಗೆ ತಾಳೆಯಾಗಬೇಕೆಂಬಲ್ಲಿ ಮಾತ್ರ ಎರಡೂ ಪಂಥಗಳು ಅದ್ವೈತಿಗಳೇ. ಪ್ರದರ್ಶನಗಳಲ್ಲಿ ತೀರ್ಪುಗಾರರು 400 ಅಂಕದಿಂದ ಶುರುಮಾಡಿ ಕಳೆಯುತ್ತಾ ಹೋಗುತ್ತಾರೆ. ಮೂಲದಲ್ಲಿಲ್ಲದ ನಟ್ಟಿಗೆ ಅಂಕ ಕಳೆ, ತಪ್ಪು ಹೋಸ್ ಕ್ಲಾಂಪಿಗೆ ಅಂಕ ಕಳೆ. ಕಾರು ಓಡಿಸಿದರೆ ಕೊಳೆಯಾಗಿ ಇನ್ನಷ್ಟು ಅಂಕ ಹೋಗುವುದರಿಂದ, ಗೆಲ್ಲಬೇಕೆಂದಿರುವವನು ಅದನ್ನು ಟ್ರೇಲರಿನ ಮೇಲೆ ಹೊತ್ತು ತರುತ್ತಾನೆ. ಚಲಿಸದ ವಾಹನ! ಮೋಕ್ಷಕ್ಕೆ ಇನ್ನು ಎಷ್ಟು ದೂರ?

ನಮ್ಮ ದೇಶದವರೂ ಈ ಸಾಧನೆಯಲ್ಲಿ ಹಿಂದೆ ಬಿದ್ದವರಲ್ಲ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ 1930ರ ದಶಕದಲ್ಲಿ ಸೂಪರ್‌ಚಾರ್ಜರ್ ಹೊತ್ತ ಅಮೆರಿಕದ ಡ್ಯೂಸೆನ್‌ಬರ್ಗ್ ಚಾಸಿ ಕೊಂಡು, ಲಂಡನ್ನಿನ ಗರ್ನಿ ನಟಿಂಗ್ ಅವರಿಂದ ಮೈ ಕಟ್ಟಿಸಿದರು. ಕಂಪನಿಯ ಹೇಳಿಕೆಯಂತೆ 320 ಅಶ್ವಶಕ್ತಿ. ಅರಮನೆಯ ಲಾಯದಲ್ಲಿ ಅಷ್ಟು ಕುದುರೆಗಳಿದ್ದರೂ ಒಟ್ಟಿಗೆ ಕಟ್ಟಿ ಇಬ್ಬರನ್ನು ಮಾತ್ರ ಕೂರಿಸಿಕೊಂಡು ಹೋಗುವ ಯೋಚನೆ ಯಾವ ಸಾರಥಿಗೂ ಹೊಳೆದಿರಲಾರದು.

ಕೊನೆಗೊಂದು ವ್ಯವಹಾರ ಪ್ರಕರಣ. 1976ರ ಎಲ್ಡೊರಾಡೊ ಅಮೆರಿಕದ ಕಟ್ಟಕಡೆಯ ಕನ್ವರ್ಟಿಬಲ್ ಎಂದು ಸಾರಲಾಯಿತು. ಜನ ಮುಗಿಬಿದ್ದು ಕೊಂಡರು. ಕೊಂಡ ಹಲವರು ಮಾಡು ತೆರೆದು ಒಂದು ಸುತ್ತು ಹೋಗಲಿಲ್ಲ, ಶೆಡ್ಡಿನಲ್ಲಿಟ್ಟು ಬೀಗ ಹಾಕಿ ಬೆಲೆಯೇರುವುದನ್ನು ಕಾದರು. 1984ಕ್ಕೆ ಕಂಪನಿ ಮತ್ತೆ ಕನ್ವರ್ಟಿಬಲ್ ತಂದಿತು. ಕಾದವರು ಕೋರ್ಟಿಗೆ ಹೋದರು. ನಮಗೆ ಅವರ ಮೇಲೆ ಕನಿಕರವಿಲ್ಲ. ಪ್ರಯೋಜನದ ಆಸೆಯಿಂದ ಕ್ಯಾಡಿಲಾಕ್ ಕೊಂಡವರಿಗೆ ಶಾಸ್ತ್ರ ರಕ್ಷಣೆ ಕೊಡುವುದಿಲ್ಲ.

ಫಲಶ್ರುತಿ. ಇದನ್ನು ಶನಿವಾರ ಬೆಳಿಗ್ಗೆ ಗ್ಯಾರೇಜಿನ ಮುಂದೆ ನಿಂತು ಪಠಿಸುವವರಿಗೆ 1959ರ ಎಡಬದಿಯ ದೀಪದ ಗಾಜು ಒಡಕಿಲ್ಲದೆ ದೊರೆಯುತ್ತದೆ. ಪಾರಾಯಣ ಮಾಡಿಸುವವರಿಗೆ ಬಲಬದಿಯದೂ ದೊರೆಯುತ್ತದೆ. ಸಂಶಯದಿಂದ ಓದುವವರಿಗೆ ಗಾಳಿಯ ಸಸ್ಪೆನ್ಷನ್. ಓದಿದ ಮೇಲೂ ‘ಲೀಟರಿಗೆ ಎಷ್ಟು ಕೊಡುತ್ತೆ?’ ಎಂದು ಕೇಳುವವರು ಏಳು ಜನ್ಮ ಶೋರೂಮಿನಲ್ಲಿ ಸೇಲ್ಸ್‌ಮನ್ ಆಗಿ ಹುಟ್ಟಿ, ಆ ಪ್ರಶ್ನೆಗೇ ಉತ್ತರ ಹೇಳುತ್ತಾ ಇರತಕ್ಕದ್ದು.