ಮಾರತ್ತಹಳ್ಳಿಯಲ್ಲಿ ಬಡವರು ಬೇಕಾಗಿದ್ದಾರೆ

‘ಬೇಕಾಗಿದ್ದಾರೆ: ಬಡವರು. ಕುಟುಂಬದ ವಾರ್ಷಿಕ ವರಮಾನ 1.20 ಲಕ್ಷ ರೂಪಾಯಿ ಮೀರಿರಬಾರದು. ಸ್ವಂತ ಮನೆಯಿದ್ದರೆ ಸಾವಿರ ಚದರಡಿಯೊಳಗೆ ಮುದುಡಿಕೊಂಡಿರಬೇಕು. ಕಾರು ಇರಕೂಡದು, ಇದ್ದೇ ಇದೆ ಎಂದರೆ ಹಳದಿ ಬೋರ್ಡಿನದಾಗಿರಬೇಕು, ಅದನ್ನು ಓಡಿಸಿಯೇ ಹೊಟ್ಟೆ ಹೊರೆಯುತ್ತಿರಬೇಕು. ತೆರಿಗೆ ಕಟ್ಟಿದ ದುರಭ್ಯಾಸ ಇರಬಾರದು. ಮಾರತ್ತಹಳ್ಳಿ ವಾಸಿಗಳಿಗೆ ಆದ್ಯತೆ.’

ಸೇತುವೆಯ ಕಂಬದ ಮೇಲೆ, ‘ಪಿಜಿ ಫಾರ್ ಜೆಂಟ್ಸ್’ ಮತ್ತು ‘ಮನೆಯಲ್ಲೇ ಕೂತು ಸಂಪಾದಿಸಿ’ ಚೀಟಿಗಳ ನಡುವೆ ಇಂಥದ್ದೊಂದನ್ನು ಅಂಟಿಸಿದರೆ ಎಷ್ಟು ಜನ ಬಂದಾರು ಎಂದು ಒಂದು ಸಂಜೆ ಲೆಕ್ಕ ಹಾಕಿದೆ. ನಿವೃತ್ತ ಮೇಷ್ಟ್ರಿಗೆ ಸಂಜೆಗಳು ಉದ್ದ. ಮಾರತ್ತಹಳ್ಳಿಯಲ್ಲಿ ಬಡವರಿಗೇನೂ ಬರವಿಲ್ಲ. ಮುನ್ನೇಕೊಳಾಲದ ತಗಡಿನ ಶೆಡ್ಡುಗಳ ಕಡೆ ಒಂದು ಸುತ್ತು ಹೋಗಿಬಂದರೆ ಸಾಕು. ಆದರೆ ಸರ್ಕಾರ ಕೇಳುವಂಥ ಬಡವರು? ಅವರು ಬೇರೆಯೇ ತಳಿ.

ನಮ್ಮ ಮನೆಗೆ ಬರುವಾಕೆಯನ್ನೇ ತೆಗೆದುಕೊಳ್ಳಿ. ಮೂರು ಮನೆ ಪಾತ್ರೆ, ನೆಲ, ಒಂದು ಕಡೆ ಚಪಾತಿಯೂ ಸೇರಿ. ಮನೆಗೆ ನಾಲ್ಕು ಸಾವಿರದಂತೆ ತಿಂಗಳಿಗೆ ಹನ್ನೆರಡು. ಬಿಪಿಎಲ್ ಕಾರ್ಡಿಗೆ ಆದಾಯ ಪ್ರಮಾಣಪತ್ರ ಬೇಕಲ್ಲ, ಅರ್ಜಿ ಬರೆದುಕೊಡಿ ಎಂದಳು. ನಾನೋ ಜೀವಮಾನವಿಡೀ ಮಕ್ಕಳ ಅಂಕ ಕೂಡಿದವನು. ಹನ್ನೆರಡು ಹನ್ನೆರಡ್ಲಿ ನೂರ ನಲವತ್ನಾಲ್ಕು, 1.44 ಲಕ್ಷ, ಆಗಲ್ಲಮ್ಮ ಎಂದೆ. ಗಂಡನ ಸಂಬಳ ಇನ್ನೂ ಕೂಡಿಯೇ ಇರಲಿಲ್ಲ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದ್ದು ಇಷ್ಟೇ: ‘ಹಂಗಾರೆ ಯಾವ ಮನೆ ಬಿಡ್ಲಿ ಸಾರ್, ಬಡವಳಾಗಕ್ಕೆ?’

ಒಳಗಿನಿಂದ ನನ್ನ ಹೆಂಡತಿ ಓಡಿಬಂದಳು. ಬಿಡುವ ಮನೆ ನಮ್ಮದಾದರೆ ಎಂಬ ಗಾಬರಿ.

ಗಂಡ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಇಲ್ಲಿ ಇನ್ನೊಂದು ತಮಾಷೆ ಇದೆ. ಕಾವಲುಗಾರನಿಗೆ ಇಷ್ಟಕ್ಕಿಂತ ಕಡಿಮೆ ಕೊಡಕೂಡದು ಎಂದು ಕನಿಷ್ಠ ವೇತನ ಗೊತ್ತುಮಾಡುವುದೂ ರಾಜ್ಯ ಸರ್ಕಾರವೇ. ಬೆಂಗಳೂರಿನಲ್ಲಿ ಅದು ತಿಂಗಳಿಗೆ ಹತ್ತು ಸಾವಿರ ದಾಟಿ ಎಷ್ಟೋ ಕಾಲವಾಯಿತು. ಹತ್ತು ಸಾವಿರ ದಾಟಿದವನು ಬಡವನಲ್ಲ ಎನ್ನುವುದೂ ಅದೇ ಸರ್ಕಾರ. ಅಂದರೆ, ಕಾನೂನು ಪ್ರಕಾರ ಸಂಬಳ ಸಿಕ್ಕರೆ ಕಾನೂನು ಪ್ರಕಾರ ಬಡತನ ಹೋಯಿತು. ಕಾರ್ಡು ಉಳಿಯಬೇಕಾದರೆ ಧಣಿ ಕಾನೂನು ಮುರಿಯಬೇಕು, ಇಲ್ಲವೇ ಅರ್ಜಿದಾರ ಒಂದು ಸಣ್ಣ ಸುಳ್ಳು ಹೇಳಬೇಕು. ಸುಳ್ಳು ಅಗ್ಗ. ಹಾಗಾಗಿ ಊರಿಗೆ ಊರೇ ವರ್ಷಕ್ಕೆ ‘ಹನ್ನೊಂದೂವರೆ ಸಾವಿರ’, ‘ಹದಿನೆಂಟು ಸಾವಿರ’ ಎಂದೆಲ್ಲ ಬರೆಸಿಕೊಂಡು ಬರುತ್ತದೆ. ಈ ದುಡ್ಡಿಗೆ ಮಾರತ್ತಹಳ್ಳಿಯಲ್ಲಿ ವರ್ಷವಿಡೀ ಬದುಕುವುದಿರಲಿ, ಸ್ಕೂಟರ್ ನಿಲ್ಲಿಸುವ ಜಾಗವೂ ಸಿಗಲಾರದು ಎಂದು ಬರೆಯುವವರಿಗೂ ಗೊತ್ತು, ಸಹಿ ಹಾಕುವವರಿಗೂ ಗೊತ್ತು. ಗ್ರಾಮ ಆಡಳಿತ ಅಧಿಕಾರಿ ವರದಿ ಕೊಟ್ಟು, ರೆವಿನ್ಯೂ ಇನ್‌ಸ್ಪೆಕ್ಟರ್ ನೋಡಿ, ತಹಶೀಲ್ದಾರರ ಡಿಜಿಟಲ್ ಸಹಿ ಬಿದ್ದು, ಆರ್‌ಡಿ ನಂಬರ್ ಹುಟ್ಟಿದರೆ ಆ ಸುಳ್ಳಿಗೆ ಐದು ವರ್ಷ ಆಯುಸ್ಸು. ಐದು ವರ್ಷವೂ ನೀವು ಅಷ್ಟೇ ಬಡವರಾಗಿರತಕ್ಕದ್ದು. ದೀಪಾವಳಿ ಬೋನಸ್ ಬಂದರೆ ಅದು ನಿಮ್ಮ ಖಾಸಗಿ ವಿಷಯ.

ಬಡತನವೂ ಎಲ್ಲ ಕಡೆ ಒಂದೇ ಅಳತೆಯದಲ್ಲ. ಪಡಿತರ ಚೀಟಿಯಲ್ಲಿ 1.20 ಲಕ್ಷದ ಮೇಲೆ ಒಂದು ರೂಪಾಯಿ ಹೆಚ್ಚಾದರೆ ಗಟ್ಟಿಕುಳ. 2019ರಲ್ಲಿ ಬಂದ ಆರ್ಥಿಕ ದುರ್ಬಲರ ಮೀಸಲಾತಿಯಲ್ಲಿ 8 ಲಕ್ಷದವರೆಗೂ ದುರ್ಬಲ. ಆದಾಯ ತೆರಿಗೆಯವರ ಹೊಸ ಪದ್ಧತಿಯಲ್ಲಿ ಈಗ 12 ಲಕ್ಷದವರೆಗೆ ‘ಪಾಪ, ಇವರಿಂದೇನು ವಸೂಲು ಮಾಡುವುದು’ ಎಂಬ ಕರುಣೆ. ಒಬ್ಬನೇ ಮನುಷ್ಯ ಬೆಳಗ್ಗೆ ಒಂದು ಕೌಂಟರಿನಲ್ಲಿ ಸಾಹುಕಾರ, ಮಧ್ಯಾಹ್ನ ಇನ್ನೊಂದರಲ್ಲಿ ದುರ್ಬಲ, ಸಂಜೆ ಮತ್ತೊಂದರಲ್ಲಿ ಲೆಕ್ಕಕ್ಕೇ ಬಾರದವನು. ಬಹುರೂಪಿಗಳನ್ನು ಯಕ್ಷಗಾನದಲ್ಲಷ್ಟೇ ನೋಡಿದ್ದೆ.

ಈ ಗೆರೆಗಳ ಮಹಿಮೆ ನನ್ನ ಮನೆಯಲ್ಲೇ ಬೆಳಗಿದ್ದು ಗೃಹಲಕ್ಷ್ಮಿ ಬಂದಾಗ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಯಾರೋ ಅವರಿಗೆ ತಿಂಗಳಿಗೆ 2,000 ರೂಪಾಯಿ. ಎಪಿಎಲ್ ಆದರೂ ಸರಿಯೇ. ಅಡ್ಡಿ ಇದ್ದದ್ದು ಒಂದೇ: ಆಕೆಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ನನ್ನ ಪಿಂಚಣಿ, ಬ್ಯಾಂಕಿನ ಬಡ್ಡಿ, ಮಹಡಿಯ ಬಾಡಿಗೆ ಎಲ್ಲ ಸೇರಿ ಆ ವರ್ಷ ತೆರಿಗೆ ವಿನಾಯಿತಿಯ 7 ಲಕ್ಷದ ಗೆರೆಯನ್ನು 3,300 ರೂಪಾಯಿ ದಾಟಿತ್ತು. ಸೆಸ್ ಸಮೇತ ನಾನು ಕಟ್ಟಿದ ತೆರಿಗೆ 3,432 ರೂಪಾಯಿ. ರಾಷ್ಟ್ರನಿರ್ಮಾಣದಲ್ಲಿ ನನ್ನದೂ ಒಂದು ಇಟ್ಟಿಗೆ ಎಂದು ಎದೆಯುಬ್ಬಿಸಿಕೊಂಡೇ ಕಟ್ಟಿದ್ದೆ. ಹೆಂಡತಿ ಕಾಗದ ಪೆನ್ನು ಹಿಡಿದು ಲೆಕ್ಕ ತೋರಿಸಿದಳು: ತಿಂಗಳಿಗೆ ಎರಡು ಸಾವಿರ, ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ. ‘ಮೂರು ಸಾವಿರದ ನಿಮ್ಮ ಇಟ್ಟಿಗೆಗೆ ನನ್ನ ಇಪ್ಪತ್ನಾಲ್ಕು ಸಾವಿರ ಹೋಯ್ತು. ಆ ಬ್ಯಾಂಕ್ ಬಡ್ಡಿ ಯಾರು ಕೇಳಿದ್ದರು?’ ಗಣಿತದ ಮೇಷ್ಟ್ರಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. 12 ಲಕ್ಷದ ಸುದ್ದಿ ಬಂದ ದಿನದಿಂದ ಹೊಸ ಪ್ರಶ್ನೆ ಶುರುವಾಗಿದೆ: ‘ಈಗ ನೀವು ತೆರಿಗೆ ಕಟ್ಟಲ್ಲವಲ್ಲ, ನಾನು ಯಾವಾಗಿನಿಂದ ಲಕ್ಷ್ಮಿ?’

ನನಗಿಂತ ಕಷ್ಟ ಪಟ್ಟವರು ಬೈಕ್ ಸಾಲಕ್ಕೋ ಮನೆ ಸಾಲಕ್ಕೋ ಇರಲಿ ಎಂದು ಒಂದು ಪೈಸೆ ತೆರಿಗೆಯಿಲ್ಲದೆ ಬರೀ ರಿಟರ್ನ್ ಸಲ್ಲಿಸಿದವರು. ಸಾಲ ಕೊಡುವವರ ಮುಂದೆ ‘ನಮಗೂ ಆದಾಯ ಉಂಟು’ ಎನ್ನಬೇಕು, ರೇಷನ್ ಕೊಡುವವರ ಮುಂದೆ ‘ಇಲ್ಲವೇ ಇಲ್ಲ’ ಎನ್ನಬೇಕು. ಹಿಂದೆ ಈ ಎರಡು ಮಾತು ಎರಡು ಕಪಾಟುಗಳಲ್ಲಿ ಬೇರೆ ಬೇರೆ ಮಲಗಿರುತ್ತಿದ್ದವು. ಈಗ ಆಧಾರ್, ಪಾನ್, ಪಡಿತರ ಎಲ್ಲ ಒಂದೇ ಚಾಪೆಯ ಮೇಲೆ ಮಲಗಿ ರಾತ್ರಿಯೆಲ್ಲ ಪಿಸುಗುಡುತ್ತವೆ. 2024ರ ನವೆಂಬರಿನಲ್ಲಿ ಅವು ಪಿಸುಗುಟ್ಟಿದ್ದರ ಫಲವಾಗಿ ಎಷ್ಟೋ ಬಿಪಿಎಲ್ ಕಾರ್ಡುಗಳು ರಾತ್ರೋರಾತ್ರಿ ಎಪಿಎಲ್ ಆದವು. ಜನ ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತಿ ತಮಗೆ ಬಂದ ಶ್ರೀಮಂತಿಕೆಯ ಸುದ್ದಿ ಕೇಳಿ ಕಂಗಾಲಾದರು. ಗದ್ದಲವೆದ್ದ ಮೇಲೆ, ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸು ಕೊಡುತ್ತೇವೆಂದು ಸರ್ಕಾರ ಹೇಳಬೇಕಾಯಿತು. ಲಕ್ಷ್ಮಿ ಚಂಚಲೆ ಎನ್ನುತ್ತಾರೆ. ದರಿದ್ರ ಲಕ್ಷ್ಮಿಯೂ ಅಷ್ಟೇ ಚಂಚಲೆ ಎಂದು ಆ ತಿಂಗಳು ತಿಳಿಯಿತು.

ಫ್ರಿಜ್ಜಿನ ಕಥೆ ಮರೆತಿದ್ದೆ. 2021ರ ಫೆಬ್ರುವರಿಯಲ್ಲಿ ಆಹಾರ ಸಚಿವರಾಗಿದ್ದ ಉಮೇಶ ಕತ್ತಿಯವರು ಟಿವಿ, ಫ್ರಿಜ್, ಬೈಕ್ ಇದ್ದವರು ಬಿಪಿಎಲ್ ಕಾರ್ಡು ಹಿಂತಿರುಗಿಸಬೇಕು ಎಂದುಬಿಟ್ಟರು. ಎಲ್ಲ ಕಡೆಯಿಂದ ಬೈಗುಳ ಬಂದು ಮಾತು ವಾಪಸಾಯಿತು. ಆದರೂ ನಮ್ಮ ಬೀದಿಯಲ್ಲಿ ಒಂದೆರಡು ದಿನ ಫ್ರಿಜ್ಜಿಗೆ ಸೀರೆ ಹೊದಿಸಿದವರಿದ್ದರು. ಗೌರಿ ಹಬ್ಬಕ್ಕೆ ಮೊದಲೇ ಗೌರಿ ಕೂರಿಸಿದಂತೆ ಕಾಣುತ್ತಿತ್ತು. ಮುಂದೆ ಗೃಹಲಕ್ಷ್ಮಿ ಬಂತಲ್ಲ, ಆಗ ಹೆಂಗಸರು ಕಂತಿನ ಹಣ ಕೂಡಿಟ್ಟು ಏನು ಕೊಂಡರು ಎಂದು ಪತ್ರಿಕೆಗಳಲ್ಲಿ ಸಂಭ್ರಮದ ಸುದ್ದಿಗಳು ಬಂದವು. ಒಬ್ಬರು ಹೊಲಿಗೆ ಯಂತ್ರ, ಒಬ್ಬರು ಊರಿಗೆಲ್ಲ ಹೋಳಿಗೆ ಊಟ, ಇನ್ನೊಬ್ಬರು ಫ್ರಿಜ್! ಕೆಲವು ವರ್ಷದ ಹಿಂದೆ ಸಿರಿವಂತಿಕೆಯ ಸಾಕ್ಷಿಯಾಗಿದ್ದ ಪೆಟ್ಟಿಗೆ ಈಗ ಯೋಜನೆಯ ಯಶಸ್ಸಿಗೆ ಸಾಕ್ಷಿ. ಒಳಗಿದ್ದದ್ದು ಮಾತ್ರ ಅದೇ ಅರ್ಧ ಲೀಟರ್ ನಂದಿನಿ ಹಾಲು, ನಿನ್ನೆಯ ಸಾರು.

ಅತ್ತೆ ಸೊಸೆಯರ ಪ್ರಕರಣ ಬರೆಯಹೋದರೆ ಧಾರಾವಾಹಿಯಾದೀತು. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದು ಚೀಟಿಯಲ್ಲಿ ಬರೆಯಹೇಳಿತು. ಹತ್ತು ವರ್ಷ ಅದನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಎರಡು ಸಾವಿರದ ಮಾತು ಬಂದದ್ದೇ ತಡ, ಎಷ್ಟೋ ಮನೆಗಳಲ್ಲಿ ಒಂದೇ ಒಲೆಗೆ ಎರಡು ಕಾರ್ಡು ಬೇಕಾದವು. ಸೇರು ಒದ್ದು ಒಳಬಂದ ಸೊಸೆಗಿಂತ ಚೀಟಿಯ ಮೊದಲ ಸಾಲಿನಲ್ಲಿದ್ದ ಅತ್ತೆಯೇ ಗೃಹಲಕ್ಷ್ಮಿಯಾದರು ಎಂಬಲ್ಲಿಗೆ ನಿಲ್ಲಿಸುತ್ತೇನೆ. ನನಗೆ ಎರಡೂ ಪಕ್ಷದವರು ಕಾಫಿ ಕೊಡುತ್ತಾರೆ.

ಹೆಸರಿನ ಗೋಳು ಬೇರೆ. ನಮ್ಮೂರ ಹೆಸರೇ ಒಂದು ಬೋರ್ಡಿನಲ್ಲಿ ಮಾರತ್ತಹಳ್ಳಿ, ಮುಂದಿನದರಲ್ಲಿ ಮಾರತಹಳ್ಳಿ, ಬಸ್ಸಿನ ಹಣೆಯ ಮೇಲೆ ಮಾರತ್‌ಹಳ್ಳಿ. ಪಕ್ಕದ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ ವಿಮಾನದಿಂದ ಹೆಸರು ಬಂತು ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಊರಿಗೆ ಇದೆಲ್ಲ ನಡೆಯುತ್ತದೆ. ಮುನಿಯಮ್ಮ ಎಂಬ ಬಡಪಾಯಿ ಆಧಾರ್‌ನಲ್ಲಿ ಮುನಿಯಮ್ಮ, ಬ್ಯಾಂಕಿನಲ್ಲಿ ಮುನಿಯಮ್ಮ ಕೆ., ಕಾರ್ಡಿನಲ್ಲಿ ಮುನ್ನಿಯಮ್ಮ ಆಗಿದ್ದರೆ ಮೂವರೂ ಬೇರೆ ಬೇರೆ ಹೆಂಗಸರು. ಮೂವರಲ್ಲಿ ಒಬ್ಬರಿಗೂ ದುಡ್ಡಿಲ್ಲ. ಮೂವತ್ತು ವರ್ಷ ಪಾತ್ರೆ ತಿಕ್ಕಿ ರೇಖೆ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದೆ ತಿರಸ್ಕರಿಸುವುದನ್ನು ಕಂಡಿದ್ದೇನೆ. ಅಷ್ಟು ಸವೆದ ಬೆರಳಿಗಿಂತ ಬೇರೆ ಆದಾಯ ಪ್ರಮಾಣಪತ್ರ ಯಾಕೆ ಬೇಕಿತ್ತೋ.

ಇಷ್ಟೆಲ್ಲ ಹೇಳಿದವನು ಬಸ್ಸಿನ ವಿಷಯದಲ್ಲಿ ಮಾತ್ರ ಸರ್ಕಾರದ ಪಕ್ಷ. 2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾಯಿತು. ಕೇಳುವುದು ಎರಡೇ ಪ್ರಶ್ನೆ: ಹೆಣ್ಣೇ? ಕರ್ನಾಟಕದವಳೇ? ಲಿಂಗತ್ವ ಅಲ್ಪಸಂಖ್ಯಾತರೂ ಸೇರಿದರು. ಆದಾಯ ಎಷ್ಟು, ಮನೆ ಎಷ್ಟು ಚದರಡಿ, ಗಂಡ ಏನು ಮಾಡುತ್ತಾನೆ, ಯಾರೂ ಕೇಳುವುದಿಲ್ಲ. ಕೇಳಿದ್ದರೆ ರಿಂಗ್ ರೋಡಿನ 500ಡಿ ಬಸ್ಸು ಇನ್ನೂ ಹೆಬ್ಬಾಳದಲ್ಲೇ ನಿಂತಿರುತ್ತಿತ್ತು. 2025ರ ಜುಲೈನಲ್ಲಿ ಐನೂರನೇ ಕೋಟಿ ಟಿಕೆಟ್ ಅನ್ನು ಮುಖ್ಯಮಂತ್ರಿಗಳೇ ಹರಿದುಕೊಟ್ಟರು. ತಹಶೀಲ್ದಾರರ ಸಹಿ ಬೇಕೆಂದಿದ್ದರೆ ಐದು ಸಾವಿರಕ್ಕೂ ಮುಟ್ಟುತ್ತಿರಲಿಲ್ಲ.

ಹಾಗೆಂದು ಇಲ್ಲಿಯೂ ನಾಟಕಕ್ಕೆ ಕೊರತೆಯಿಲ್ಲ. ಮಾರತ್ತಹಳ್ಳಿ ಸ್ಟಾಪಿನಲ್ಲಿ 335ಇ ಹತ್ತಿ ನೋಡಿ. ಲ್ಯಾಪ್‌ಟಾಪ್ ಚೀಲ ಹೊತ್ತ, ನನ್ನ ವರ್ಷದ ಪಿಂಚಣಿಯನ್ನು ಒಂದೂವರೆ ತಿಂಗಳಲ್ಲಿ ಸಂಪಾದಿಸುವ ದಾವಣಗೆರೆ ಹುಡುಗಿಗೆ ಶೂನ್ಯ ಟಿಕೆಟ್. ಪಕ್ಕದಲ್ಲಿ ಕಟ್ಟಡ ಕೆಲಸದ, ರಾಯದುರ್ಗದ ಕಡೆಯ ಹೆಂಗಸು. ಮಾತು ನಮಗಿಂತ ಚೆಂದದ ಕನ್ನಡ, ಆಧಾರ್ ಮಾತ್ರ ಆಂಧ್ರದ್ದು. ದುಡ್ಡು ಕೊಡಬೇಕು. ‘ಬಳ್ಳಾರಿ ಪಕ್ಕದಲ್ಲೇ ಐತಣ್ಣ ನಮ್ಮೂರು’ ಎಂದು ಆಕೆ, ‘ಪಕ್ಕದಲ್ಲಿದ್ರೆ ಆಯ್ತೇನಮ್ಮ, ಒಳಗಿರಬೇಕು’ ಎಂದು ಕಂಡಕ್ಟರು. ರಾಜ್ಯಗಳ ಗಡಿ ಗೊತ್ತುಮಾಡಿದವರಿಗೆ ಮಾರತ್ತಹಳ್ಳಿಯಲ್ಲಿ ಹೀಗೊಂದು ಟಿಕೆಟ್ ಜಗಳವಾದೀತೆಂದು ಹೊಳೆದಿರಲಾರದು. ಹಿಂದೆಯೇ ವಜ್ರ ಬಸ್ಸು ಬಂದರೆ ಇಬ್ಬರೂ ಸಮಾನರು: ಎಸಿ ಗಾಳಿಗೆ ಎಲ್ಲರೂ ದುಡ್ಡು ಕೊಡಬೇಕು.

ಶ್ರೀಮಂತರಿಗೇಕೆ ಪುಕ್ಕಟೆ ಎಂದು ನಮ್ಮ ವಾಕಿಂಗ್ ಗೆಳೆಯರು ದಿನವೂ ಕೂಗಾಡುತ್ತಾರೆ. ಅವರಲ್ಲಿ ಇಬ್ಬರು 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂದ ಹೊಸದರಲ್ಲಿ ಐದು ರೂಪಾಯಿಗೆ ಇಡ್ಲಿ ತಿಂದು, ‘ಗುಣಮಟ್ಟ ಪರೀಕ್ಷೆಗೆ ಹೋಗಿದ್ದೆ’ ಎಂದವರು. ಅಲ್ಲಿಯೂ ಕಾರ್ಡು ಕೇಳುವುದಿಲ್ಲ. ಹಸಿವಾದವನು ಸಾಲಿನಲ್ಲಿ ನಿಲ್ಲುತ್ತಾನೆ, ನಿಲ್ಲಲು ನಾಚಿಕೆಪಡುವವನು ತಾನೇ ಉಡುಪಿ ಹೋಟೆಲಿಗೆ ಹೋಗುತ್ತಾನೆ. ಇಷ್ಟು ಅಗ್ಗದ ಜರಡಿ ಯಾವ ಸಾಫ್ಟ್‌ವೇರ್ ಕಂಪನಿಯೂ ಬರೆದುಕೊಡಲಾರದು.

ಪುಕ್ಕಟೆ ಕರೆಂಟಿನ ಗೃಹಜ್ಯೋತಿಯೂ ಆದಾಯ ಕೇಳದ ಯೋಜನೆಯೇ, ಆದರೆ ಅದು ಜಾತಕ ಕೇಳುತ್ತದೆ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿರೋ ಅದರ ಮೇಲೆ ಶೇ 10 ಸೇರಿಸಿ ನಿಮ್ಮ ಹಣೆಬರಹ. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ನಿಮ್ಮದೇ. ಗೀಸರು, ಓವನ್ನು ಎಲ್ಲ ಉರಿಸಿ 180 ಸುಟ್ಟಿದ್ದ ಎದುರು ಮನೆಯವರಿಗೆ 198 ಪುಕ್ಕಟೆ. ಒಂದು ಬಲ್ಬಿನ ಕೆಳಗೆ ಇಡೀ ಸಂಸಾರ ಕೂರಿಸಿ 40 ಸುಟ್ಟಿದ್ದ ಇಸ್ತ್ರಿ ಅಂಗಡಿಯವರ ಮನೆಗೆ 44. ಉಳಿತಾಯಕ್ಕೆ ಇಂಥ ಬಹುಮಾನ ಸಿಕ್ಕಿದ್ದನ್ನು ಕಂಡು ಸರ್ಕಾರಕ್ಕೇ ಕಸಿವಿಸಿಯಾಯಿತೋ ಏನೋ, 2024ರ ಜನವರಿಯಲ್ಲಿ 48 ಯೂನಿಟ್ಟಿನೊಳಗಿನವರಿಗೆ ಶೇ 10ರ ಬದಲು ಹತ್ತು ಯೂನಿಟ್ ಹೆಚ್ಚು ಎಂದು ತಿದ್ದಿದರು. ಅವರೀಗ 50ರ ಒಡೆಯರು.

ನಮ್ಮ ಮನೆಯ ಜಾತಕದಲ್ಲಿ ಬರೆದಿರುವುದು 187. ಲಕ್ಷ್ಮಿಯಾಗಲು ಬಿಡದ ಗಂಡನ ಮೇಲಿನ ಸೇಡನ್ನು ಜ್ಯೋತಿಯ ಮೇಲೆ ತೀರಿಸಿಕೊಳ್ಳುತ್ತಿರುವ ನನ್ನ ಹೆಂಡತಿ ತಿಂಗಳ ಕೊನೆಯಲ್ಲಿ ಟಾರ್ಚ್ ಹಿಡಿದು ಮೀಟರ್ ಓದುತ್ತಾಳೆ. ಮಹಡಿಯ ಬಾಡಿಗೆ ಹುಡುಗರಿಗೆ ಮೀಟರ್ ಬೇರೆ. ಬೆಸ್ಕಾಂನವರು ಬಾಡಿಗೆದಾರರಿಗೂ ಕೊಡುತ್ತಾರೆ. ಅವರು ರಾತ್ರಿ ಎರಡರವರೆಗೆ ಅಮೆರಿಕದ ಜೊತೆ ಮಾತಾಡುತ್ತ ದೀಪ ಉರಿಸುತ್ತಾರೆ. ಕೆಳಗೆ ನಾನು ಪತ್ರಿಕೆಗೆ ಬರೆಯುತ್ತೇನೆ ಎಂದರೂ ರಿಯಾಯಿತಿಯಿಲ್ಲ. ಮೀಟರ್ ಓದುವ ಹುಡುಗ ನಾಳೆ ಬರುತ್ತಾನಂತೆ. ಈಗಷ್ಟೇ ವರಾಂಡದಿಂದ ಕೂಗಿದಳು, 186. ನಿರುದ್ಯೋಗಿ ಪದವೀಧರರ ಯುವನಿಧಿಯ ಬಗ್ಗೆ ಇನ್ನೂ ಎರಡು ಪ್ಯಾರಾ ಇತ್ತು, ಸ್ವಿಚ್ಚಿನ ಮೇಲೆ ಅವಳ ಕೈ